ಪೈಪಿಲ್ಲದ ಬಿಲ್ಡಿಂಗಿನಲ್ಲಿ ಕಾರು ತೊಳೆಯುವ ಕ್ರಮ

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದಕ್ಕೆ ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಕುಂದಾಪುರದ ಕಡೆಯಿಂದ ಬಂದ ಹೊಸ ಹುಡುಗನಿಗೆ ಮೊದಲು ಸಿಕ್ಕಿದ್ದು ಟೇಬಲ್ ಒರೆಸುವ ಕೆಲಸ. ಮೋರಿಯ ಪಕ್ಕ ಎರಡು ಬಕೆಟ್ ಇರುತ್ತಿತ್ತು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸೋಪಿನ ನೀರು. ಸಾಂಬಾರು, ಚಟ್ನಿ ಮೆತ್ತಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಅಲುಬಿ, ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದಬೇಕು. ಬೆಳಗಿನ ರಶ್ಶಿನಲ್ಲಿ ಒಮ್ಮೆ ಅವಸರ ಮಾಡಿ ಕೊಳೆ ಬಟ್ಟೆಯನ್ನು ನೇರವಾಗಿ ಸೋಪಿನ ಬಕೆಟ್ಟಿಗೆ ಹಾಕಿಬಿಟ್ಟೆ. ಹಿರಿಯ ಕ್ಲೀನರ್ ಅಣ್ಣ ಆ ಬಕೆಟ್ಟನ್ನು ಪೂರ್ತಿ ಚೆಲ್ಲಿಸಿ ಹೊಸದಾಗಿ ತುಂಬಿಸಿದ. "ಕೊಳೆ ಬಿಡೂ ನೀರು ಬೇರೆ, ತೊಳೂ ನೀರು ಬೇರೆ ಮಾರಾಯ. ಎರಡೂ ಒಂದಾದ್ರೆ ನೀನು ಒರೆಸೂದಲ್ಲ, ಈ ಟೇಬಲ್ಲಿಂದ ಆ ಟೇಬಲ್ಲಿಗೆ ಕೊಳೆ ದಾಟಿಸೂದು" ಎಂದ.

ಇಪ್ಪತ್ತೆಂಟು ವರ್ಷ ಕಳೆದು ನನ್ನದೇ ಕಾರು ಬಂದಾಗ ಆ ಮಾತು ನನಗೆ ನೆನಪಾಗಲಿಲ್ಲ. ಆದದ್ದು ಹೀಗೆ. 2016ರಲ್ಲಿ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡೆ, ಕಪ್ಪು ಬಣ್ಣದ್ದು. ನಮ್ಮದು ಚೆಂಬೂರಿನ ತಿಲಕ್ ನಗರ. ಮೇ ತಿಂಗಳ ಒಂದು ಭಾನುವಾರ, ಬಿಸಿಲೇರಿದ ಮೇಲೆ, ಒಂದು ಬಕೆಟ್ ನೀರಿಗೆ ಬಟ್ಟೆ ತೊಳೆಯುವ ಪೌಡರ್ ಹಾಕಿ, ಹಳೆಯ ಬನಿಯನ್ನಿನಿಂದ ಗಾಡಿಯನ್ನು ಗಸಗಸ ತಿಕ್ಕಿದೆ. ಹಗಲಿಗೆ ಚೆಂದವಾಗಿಯೇ ಕಂಡಿತು. ರಾತ್ರಿ ಊಟ ಮುಗಿಸಿ ಕೆಳಗಿಳಿದು ನೋಡಿದರೆ, ಬೀದಿದೀಪ ಬಾನೆಟ್ಟಿನ ಮೇಲೆ ಬಿದ್ದಲ್ಲೆಲ್ಲ ಜೇಡರಬಲೆ ನೇಯ್ದ ಹಾಗೆ ಸುತ್ತು ಸುತ್ತು ಗೀರು. ಹಿಂದಿನ ಮಾಲೀಕ ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದ ಗಾಡಿಯನ್ನು ನಾನು ಒಂದೇ ಬೆಳಿಗ್ಗೆಯಲ್ಲಿ ಹಾಗೆ ಮಾಡಿದ್ದೆ. ತುಂಬ ಬೇಸರವಾಯಿತು. ಆ ರಾತ್ರಿಯೇ ಕ್ಲೀನರ್ ಅಣ್ಣನ ಎರಡು ಬಕೆಟ್ ನೆನಪಾದದ್ದು.

ಗೀರು ಯಾಕೆ ಬೀಳುತ್ತದೆ ಎನ್ನುವುದು ತಿಳಿದರೆ ಮುಂದಿನ ಕ್ರಮವೆಲ್ಲ ತಾನಾಗಿ ಅರ್ಥವಾಗುತ್ತದೆ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ರಸ್ತೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಆ ಪದರಕ್ಕಿಂತ ಎಷ್ಟೋ ಗಟ್ಟಿ. ಬಟ್ಟೆಯಲ್ಲಿ ಸಿಕ್ಕಿಕೊಂಡ ಒಂದು ಕಣ ಬಾಗಿಲಿನ ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆಯುತ್ತದೆ. ತಿಲಕ್ ನಗರದಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಕೆಲಸ ವರ್ಷಗಟ್ಟಲೆಯಿಂದ ನಡೆಯುತ್ತಿದೆ. ಒಂದು ರಾತ್ರಿ ನಿಂತ ಗಾಡಿಯ ಮೇಲೆ ಬೆಳಿಗ್ಗೆ ಬೆರಳಿನಲ್ಲಿ ಹೆಸರು ಬರೆಯಬಹುದು. ಆ ಧೂಳನ್ನು ಬಟ್ಟೆಯಿಂದ ಎಳೆಯದೆ, ಮೊದಲು ನೀರಿನಿಂದ ಜಾರಿಸಿ ಕೆಳಗಿಳಿಸುವುದೇ ಕಾರು ತೊಳೆಯುವ ವಿದ್ಯೆ. ಅದಕ್ಕೆ ಪೈಪ್ ಬೇಕೇ ಬೇಕೆಂದಿಲ್ಲ.

ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಪೈಪ್ ಹಚ್ಚಿ ಗಾಡಿ ತೊಳೆಯುವಂತಿಲ್ಲ. ಆ ನಿಯಮ ನನಗೆ ಪೂರ್ತಿ ಒಪ್ಪಿಗೆ. ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಹರಿಯಿತೆಂದರೂ ಹತ್ತು ನಿಮಿಷಕ್ಕೆ 150 ಲೀಟರ್ ಆಯಿತು. ಪಟ್ಟಣದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರದ ಲೆಕ್ಕ. ಒಬ್ಬನ ಸ್ನಾನ, ಅಡಿಗೆ, ಬಟ್ಟೆ, ಪಾತ್ರೆ ಎಲ್ಲದಕ್ಕೂ ಆಗುವ ನೀರು ಒಂದು ಗಾಡಿಯ ಮೈಮೇಲೆ ಹರಿದು ಗಟಾರಕ್ಕೆ ಹೋಗುತ್ತದೆ. ಭಾತ್ಸಾ, ವೈತರ್ಣಾ, ತಾನ್ಸಾದಂಥ ಕೆರೆಗಳಿಂದ ಅಷ್ಟು ದೂರ ಹರಿದು ಬರುವ ನೀರದು. 2024ರ ಜೂನ್‌ನಲ್ಲಿ ಕೆರೆಗಳ ಮಟ್ಟ ಇಳಿದು ಮುಂಬಯಿಯ ನೀರಿಗೆ ಶೇಕಡಾ 10ರಷ್ಟು ಕಡಿತವಾದಾಗಲೂ ನನ್ನ ಗಾಡಿ ಕೊಳಕಾಗಿ ನಿಲ್ಲಲಿಲ್ಲ. ನನಗೆ ಬೇಕಾಗುವುದು 30 ಲೀಟರಿಗೂ ಕಡಿಮೆ.

ಸಾಮಾನು ಇಷ್ಟು. 15 ಲೀಟರಿನ ಬಕೆಟ್ ಎರಡು, ಬೇರೆ ಬೇರೆ ಬಣ್ಣದ್ದಾದರೆ ಒಳ್ಳೆಯದು. ನನ್ನದು ನೀಲಿಗೆ ಶಾಂಪೂ, ಕೆಂಪಿಗೆ ಕೊಳೆ. ನೀರು ಕೆಳಗೆ ತರಲು 20 ಲೀಟರಿನ ಒಂದು ಕ್ಯಾನ್. ಒಂದು ಮಗ್ಗು. ಮೈಕ್ರೋಫೈಬರ್ ಬಟ್ಟೆ ಆರು. ಚಕ್ರಕ್ಕೆಂದೇ ಎತ್ತಿಟ್ಟ ಹಳೆಯ ಬಟ್ಟೆ, ಎರಡಿಂಚಿನ ಪೇಂಟ್ ಬ್ರಶ್ಶು. ಇವುಗಳ ಜೊತೆಗೆ ಗಿಡಕ್ಕೆ ನೀರು ಚಿಮುಕಿಸುವ 2 ಲೀಟರಿನ ಕೈಪಂಪು. ಊರಿನಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ನೋಡಿದವರಿಗೆ ಇದು ಹೊಸದಲ್ಲ, ಅದರದೇ ಸಣ್ಣ ರೂಪ. ಮೇಲಿನ ಹಿಡಿಯನ್ನು ಇಪ್ಪತ್ತು ಸಲ ಒತ್ತಿದರೆ ಒಳಗೆ ಗಾಳಿಯ ಒತ್ತಡ ತುಂಬುತ್ತದೆ, ಗುಂಡಿ ಅದುಮಿದರೆ ನೀರು ಬೀಸಣಿಗೆಯಂತೆ ಹರಡಿ ಬೀಳುತ್ತದೆ. ಪೈಪಿನ ಕೆಲಸವನ್ನು ಇದು ಕಾಲುಭಾಗಕ್ಕಿಂತ ಕಡಿಮೆ ನೀರಿನಲ್ಲಿ ಮಾಡುತ್ತದೆ. ಹೊಸದನ್ನೇ ಕೊಳ್ಳಿ. ಕೀಟನಾಶಕ ಹಾಕಿದ ಪಂಪನ್ನು ಇದಕ್ಕೆ ತರಬೇಡಿ.

ಕೆಂಪು ಬಕೆಟ್ಟಿನ ತಳಕ್ಕೆ ಹಳೆಯ ಇಡ್ಲಿ ಪಾತ್ರೆಯ ತೂತಿನ ತಟ್ಟೆಯೊಂದನ್ನು ಕವುಚಿ ಹಾಕಿದ್ದೇನೆ. ಕೊಳೆ ಬಟ್ಟೆಯನ್ನು ಆ ತಟ್ಟೆಯ ಮೇಲೆ ಉಜ್ಜಿದರೆ ಮರಳು ತೂತಿನಿಂದ ಕೆಳಗಿಳಿದು ಅಡಿಯಲ್ಲಿ ಕೂರುತ್ತದೆ, ಬಟ್ಟೆ ಮತ್ತೆ ಅದನ್ನು ಮುಟ್ಟುವುದಿಲ್ಲ. ಪೇಟೆಯಲ್ಲಿ ಇದಕ್ಕೆಂದೇ ಜಾಲರಿ ಸಿಗುತ್ತದೆ, ಆದರೆ ಇಡ್ಲಿ ತಟ್ಟೆ ಅದಕ್ಕೇನೂ ಕಡಿಮೆಯಿಲ್ಲ. ತೊಳೆದಾದ ಮೇಲೆ ಒಮ್ಮೆ ಬಕೆಟ್ಟಿನ ತಳ ನೋಡಿ. ಕೆನ್ನೆಗೆ ಹಚ್ಚುವ ಪೌಡರಿನಷ್ಟು ನುಣುಪಾದ ಬೂದಿ ಬಣ್ಣದ ಕೆಸರು, ಅದರ ನಡುವೆ ಮಿಣಮಿಣ ಹೊಳೆಯುವ ಹರಳುಗಳು. ಆ ಹರಳುಗಳೇ ನನ್ನ ಬಾನೆಟ್ಟಿಗೆ ಬಲೆ ನೇಯ್ದದ್ದು.

ನೀರಿನ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಮುನ್ಸಿಪಾಲಿಟಿಯ ಕೆರೆ ನೀರು ಮೆದು, ಕಲೆ ಬಿಡುವುದು ಕಡಿಮೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸಾಗಿದ್ದರೆ ಒಣಗಿದಲ್ಲಿ ಸುಣ್ಣದಂಥ ಬಿಳಿ ಚುಕ್ಕೆ ನಿಲ್ಲುತ್ತದೆ, ಕಪ್ಪು ಗಾಡಿಯಲ್ಲಂತೂ ಕಣ್ಣಿಗೆ ಹೊಡೆಯುತ್ತದೆ. ಆರ್‌ಒ ಮಶೀನು ಹೊರಗೆ ಬಿಡುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ಅದನ್ನು ಚಕ್ರಕ್ಕೆ, ಮಡ್‌ಗಾರ್ಡಿನ ಕೆಸರಿಗೆ ಮಾತ್ರ ಬಳಸಿ. ಎಲ್ಲಕ್ಕಿಂತ ಒಳ್ಳೆಯದು ಎಸಿಯಿಂದ ತೊಟ್ಟಿಕ್ಕುವ ನೀರು. ಗಾಳಿಯ ತೇವ ತಣಿದು ಆದ ನೀರು ಅದು, ಲವಣ ಬಹುಮಟ್ಟಿಗೆ ಇಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಗೆ ನಮ್ಮ ಬೆಡ್‌ರೂಮಿನ ಎಸಿಯ ಕೊಳವೆಗೆ ಕ್ಯಾನ್ ಇಟ್ಟರೆ ಬೆಳಗಾಗುವಷ್ಟರಲ್ಲಿ ಐದಾರು ಲೀಟರ್ ತುಂಬಿರುತ್ತದೆ. ಹಳೆಯ ಬಟ್ಟೆಯಲ್ಲಿ ಸೋಸಿ ಕೊನೆಯ ಸುತ್ತಿಗೆ ಅದನ್ನೇ ಹೊಡೆಯುತ್ತೇನೆ.

ಶಾಂಪೂ ಕಾರಿನದ್ದೇ ಆಗಲಿ, ಲೇಬಲ್ಲಿನಲ್ಲಿ ಹೇಳಿದಷ್ಟೇ ಹಾಕಿ. ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡು ತೆಗೆಯಲಿಕ್ಕೆಂದೇ ಮಾಡಿದ್ದು. ನೀವು ದುಡ್ಡು ಕೊಟ್ಟು ಹಚ್ಚಿಸಿದ ವ್ಯಾಕ್ಸನ್ನೂ ಅದು ಜಿಡ್ಡೆಂದೇ ತೆಗೆದುಬಿಡುತ್ತದೆ. ಬಟ್ಟೆ ಪೌಡರ್ ಕ್ಷಾರ, ಸರಿಯಾಗಿ ಕರಗದೆ ಸಂದಿಗಳಲ್ಲಿ ಬಿಳಿಯಾಗಿ ಕೂರುತ್ತದೆ. ಹೊಳಪು ಬರಲೆಂದು ಕೊನೆಗೆ ಸೀಮೆಎಣ್ಣೆ, ಡೀಸೆಲ್ ಒರೆಸುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಬಾಗಿಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ, ಆ ಜಿಡ್ಡಿಗೆ ಮರುದಿನವೇ ಇಮ್ಮಡಿ ಧೂಳು ಹತ್ತುತ್ತದೆ.

ಈಗ ಕೆಲಸ. ನಮ್ಮಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ. ಆರು ಗಂಟೆಗೆ ಕ್ಯಾನ್ ತುಂಬಿಸಿಕೊಂಡು, ನೀಲಿ ಬಕೆಟ್ಟಿಗೂ ಎಂಟು ಲೀಟರ್ ಹಿಡಿದುಕೊಂಡು ಲಿಫ್ಟಿನಲ್ಲಿ ಇಳಿಯುತ್ತೇನೆ. ಬಿಸಿಲು ಬರುವ ಮೊದಲು ಮುಗಿಯಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಕಾದ ತಗಡಿನ ಮೇಲೆ ಶಾಂಪೂ ಅಲ್ಲಲ್ಲೇ ಒಣಗಿ ಕಲೆಯಾಗುತ್ತದೆ. ಮೊದಲ ಸಲ ನಾನು ಕ್ಯಾನ್ ಹಿಡಿದು ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತು, "ಇಷ್ಟ್ ನೀರಂಗೆ ಸಾಕಾತ್ತಾ ನಿಮ್ಗೆ?" ಎಂದು ಕೇಳಿದ್ದಳು. ಆ ದಿನ ಕ್ಯಾನಿನಲ್ಲಿ ಇನ್ನೂ ಮೂರು ಲೀಟರ್ ಉಳಿದಿತ್ತು.

ಮೊದಲು ಬಟ್ಟೆ ಮುಟ್ಟಬೇಡಿ. ಪಂಪು ತುಂಬಿಸಿ, ಛಾವಣಿಯಿಂದ ಶುರುಮಾಡಿ ಗಾಡಿಯನ್ನೆಲ್ಲ ಒಮ್ಮೆ ತೋಯಿಸಿ, ಎರಡು ಮೂರು ನಿಮಿಷ ಬಿಡಿ. ದೋಸೆ ಕಾವಲಿಗೆ ಅಂಟಿದ್ದನ್ನು ನೆನೆಹಾಕಿ ಬಿಡುವುದಿಲ್ಲವೆ, ಹಾಗೆ. ನೀರು ಕುಡಿದ ಧೂಳು ಹಿಡಿತ ಬಿಡುತ್ತದೆ. ಆಮೇಲೆ ಮಗ್ಗಿನಿಂದ ನೀರು ಹರಿಸಿ. ಇಲ್ಲಿ ಕೈಯ ಹದ ಮುಖ್ಯ. ದೂರದಿಂದ ಎರಚಿದರೆ ನೀರೆಲ್ಲ ನೆಲಕ್ಕೆ ಸಿಡಿಯುತ್ತದೆ. ಮಗ್ಗಿನ ಬಾಯನ್ನು ಛಾವಣಿಯ ಅಂಚಿಗೆ ತಾಗುವಷ್ಟು ಹತ್ತಿರ ಹಿಡಿದು, ಮಗುವಿನ ತಲೆಗೆ ನೀರು ಹೊಯ್ಯುವಾಗ ಕೈ ಸರಿಸುತ್ತ ಹೋಗುತ್ತೇವಲ್ಲ, ಹಾಗೆ ಹಾಳೆಯಂತೆ ಇಳಿಸಬೇಕು. ಗಾಜಿನ ಮೇಲಿನಿಂದ ಇಳಿದ ನೀರೇ ಬಾಗಿಲನ್ನೂ ತೊಳೆಯುತ್ತದೆ. ಈ ಒಂದು ಹಂತಕ್ಕೆ ನನ್ನ ನೀರಿನ ಮೂರನೇ ಒಂದು ಪಾಲು ಹೋಗುತ್ತದೆ. ಇಲ್ಲಿ ಜಿಪುಣತನ ಮಾಡಬೇಡಿ, ಬೇಕಾದರೆ ಕೊನೆಯ ಸುತ್ತಿನಲ್ಲಿ ಉಳಿಸಿ.

ಆಮೇಲೆ ನೀಲಿ ಬಕೆಟ್ಟಿನ ಎಂಟು ಲೀಟರ್ ನೀರಿಗೆ ಶಾಂಪೂ. ಕೆಂಪಿಗೆ ಏಳೆಂಟು ಲೀಟರ್ ಬರೀ ನೀರು. ಬಟ್ಟೆಯನ್ನು ಎರಡು ಸಲ ಮಡಚಿ. ಒಂದು ಬಟ್ಟೆಗೆ ಎರಡೂ ಬದಿ ಸೇರಿ ಎಂಟು ಮುಖಗಳಾಗುತ್ತವೆ. ಒಂದು ಮುಖದಲ್ಲಿ ಒಂದು ಜಾಗ ಒರೆಸಿ, ಮಡಿಕೆ ತಿರುಗಿಸಿ. ಛಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗಿನರ್ಧ ಮತ್ತು ಬಂಪರ್. ಕೊಳೆ ಹೆಚ್ಚಿರುವುದು ಕೆಳಗೆ, ಅದಕ್ಕೇ ಅದು ಕೊನೆಗೆ. ಪ್ರತಿ ಸಲ ಬಟ್ಟೆ ಮೊದಲು ಕೆಂಪಿಗೆ ಹೋಗಿ, ಇಡ್ಲಿ ತಟ್ಟೆಯ ಮೇಲೆ ಉಜ್ಜಿಸಿಕೊಂಡು, ಹಿಂಡಿಸಿಕೊಂಡು, ಆಮೇಲಷ್ಟೇ ನೀಲಿಗೆ.

ಕೈಯಲ್ಲಿ ಬಲ ಹಾಕಬೇಡಿ, ಬಟ್ಟೆಯ ಭಾರವೇ ಸಾಕು. ಸುತ್ತು ಸುತ್ತಾಗಿ ತಿಕ್ಕದೆ ಗಾಳಿ ಹರಿಯುವ ದಿಕ್ಕಿನಲ್ಲಿ, ಮುಂದಿನಿಂದ ಹಿಂದಕ್ಕೆ, ನೇರ ಗೆರೆಯಲ್ಲಿ ಎಳೆಯಿರಿ. ಅಕಸ್ಮಾತ್ ಒಂದು ಗೀರು ಬಿದ್ದರೂ ನೇರ ಗೀರು ಸುತ್ತಿನ ಗೀರಿನಷ್ಟು ಕಾಣುವುದಿಲ್ಲ. ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತೋ, ಆ ದಿನಕ್ಕೆ ಅದರ ಕೆಲಸ ಮುಗಿಯಿತು. ಕೊಡವಿ ಮತ್ತೆ ಹಚ್ಚುವ ಆಸೆ ಬರುತ್ತದೆ, ಬೇಡ. ಆರು ಬಟ್ಟೆ ಇಟ್ಟುಕೊಂಡದ್ದೇ ಅದಕ್ಕೆ.

ಶಾಂಪೂ ಹಚ್ಚಿದ ಭಾಗವನ್ನು ಒಣಗಲು ಬಿಡದೆ, ಎರಡೆರಡು ಜಾಗ ಮುಗಿದ ಕೂಡಲೇ ಪಂಪಿನ ನೀರು ಹೊಡೆದು ಇಳಿಸುತ್ತ ಹೋಗಿ. ಇಡೀ ಗಾಡಿಗೆ ನೊರೆ ಹಚ್ಚಿ ಕೊನೆಗೆ ಒಮ್ಮೆಲೇ ತೊಳೆಯುವುದು ಪೈಪಿದ್ದವರ ಪದ್ಧತಿ. ನಮಗೆ ತುಂಡು ತುಂಡಾಗಿ ಮುಗಿಸುವುದೇ ಸರಿ. ಒಣಬಟ್ಟೆಯಿಂದ ಒರೆಸುವಾಗಲೂ ತಿಕ್ಕುವುದಲ್ಲ, ಬಟ್ಟೆಯನ್ನು ಹರಡಿ ಹಾಸಿ, ನೀರು ಹೀರಿದ ಮೇಲೆ ಮೆಲ್ಲಗೆ ಎಳೆಯುವುದು. ವೈಪರ್ ಎತ್ತಿ ಅದರ ರಬ್ಬರಿನ ಅಂಚನ್ನು ಒಮ್ಮೆ ಒರೆಸಿ. ಬಟ್ಟೆಯಲ್ಲಿ ಕರಿ ಗೆರೆ ಬರುತ್ತದೆ, ಮಳೆಯಲ್ಲಿ ಗಾಜು ಮಸುಕಾಗುವುದು ಅದರಿಂದಲೇ.

ಚಕ್ರ ಕೊನೆಗೆ, ಅದಕ್ಕೆಂದೇ ಇಟ್ಟ ಬಟ್ಟೆಯಲ್ಲಿ. ಬ್ರೇಕಿನಿಂದ ಉದುರುವ ಕಪ್ಪು ಪುಡಿಯಲ್ಲಿ ಕಬ್ಬಿಣದ ಕಣಗಳಿರುತ್ತವೆ. ಆ ಬಟ್ಟೆ ಅಪ್ಪಿತಪ್ಪಿಯೂ ಬಾಗಿಲಿಗೆ ತಾಗಬಾರದು. ನಟ್ಟುಗಳ ಸುತ್ತ ಪೇಂಟ್ ಬ್ರಶ್ಶು ಆಡಿಸಿ. ಕೆಂಪು ಬಕೆಟ್ಟಿನ ಮೇಲ್ಭಾಗದ ನೀರೇ ಇದಕ್ಕೆ ಸಾಕು. ದೂರ ಓಡಿಸಿ ಬಂದ ಕೂಡಲೇ ಕಾದ ಚಕ್ರಕ್ಕೆ ತಣ್ಣೀರು ಹೊಯ್ಯಬೇಡಿ, ಅರ್ಧ ಗಂಟೆ ಬಿಡಿ.

ಕೆಲವು ಕೊಳೆಗಳಿಗೆ ಬೇರೆ ಉಪಚಾರ ಬೇಕು. ಕಾಗೆ, ಪಾರಿವಾಳದ ಹಿಕ್ಕೆಯಲ್ಲಿ ಆಮ್ಲವಿದೆ, ಬಿಸಿಲಿಗೆ ಒಂದೆರಡು ದಿನದಲ್ಲೇ ಬಣ್ಣಕ್ಕೆ ಮಚ್ಚೆ ಹೊಡೆಯುತ್ತದೆ. ಭಾನುವಾರದವರೆಗೆ ಕಾಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಟ್ಟು, ಮೆತ್ತಗಾದ ಮೇಲೆ ಚಿವುಟಿದಂತೆ ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆದರೆ ಒಳಗಿನ ಬೀಜ, ಕಲ್ಲಿನ ಚೂರು ಗೀರುತ್ತದೆ. ರೈನ್ ಟ್ರೀ ಕೆಳಗೆ ನಿಲ್ಲಿಸಿದ ಗಾಡಿಗೆ ಬೀಳುವ ಅಂಟು, ರಸ್ತೆಯ ಡಾಂಬರಿನ ಚುಕ್ಕೆ, ಎರಡಕ್ಕೂ ತೆಂಗಿನೆಣ್ಣೆ. ಹಲಸಿನ ಮೇಣ ಕೈಗೆ ಹತ್ತಿದರೆ ಊರಿನಲ್ಲಿ ಏನು ಮಾಡುತ್ತಿದ್ದೆವೋ ಅದೇ. ಎರಡು ಹನಿ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಆ ಜಾಗವನ್ನು ಶಾಂಪೂ ನೀರಿನಲ್ಲಿ ತೊಳೆದುಬಿಡಿ. ಎಣ್ಣೆ ಉಳಿದರೆ ಧೂಳಿಗೆ ಆಹ್ವಾನ ಕೊಟ್ಟಂತೆ.

ಸಿಮೆಂಟ್ ಧೂಳಿಗೆ ಮಾತ್ರ ಹೆದರಲೇಬೇಕು. ಪಕ್ಕದಲ್ಲಿ ಕಾಂಕ್ರೀಟ್ ಕೆಲಸ ನಡೆಯುತ್ತಿದ್ದರೆ ಗಾಡಿಯ ಮೇಲೆ ಕೂತ ಪುಡಿ ಬೆಳಗಿನ ಇಬ್ಬನಿಗೆ ನೆಂದು ಗಟ್ಟಿಯಾಗುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸ್ಯಾಂಡ್ ಪೇಪರ್ ಹಚ್ಚಿದಂತೆಯೇ. ಅವತ್ತೇ ಧಾರಾಳ ನೀರು ಹರಿಸಿ ಇಳಿಸಬೇಕು. ಹನಿ ಬಿದ್ದು ಗಟ್ಟಿಯಾಗಿಬಿಟ್ಟಿದ್ದರೆ, ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಅದ್ದಿ ಅದರ ಮೇಲೆ ಸ್ವಲ್ಪ ಹೊತ್ತು ಇಡಿ, ಸುಣ್ಣದಂಶ ಕರಗಿ ಸಡಿಲವಾಗುತ್ತದೆ. ಕೂಡಲೇ ಚೆನ್ನಾಗಿ ತೊಳೆಯಿರಿ.

ನೀರು ತೀರಾ ಬಿಗಿಯಾದ ವಾರಗಳಲ್ಲಿ ನಾನು ರಿನ್ಸ್‌ಲೆಸ್ ದ್ರಾವಣ ಬಳಸುತ್ತೇನೆ. ಧೂಳಿನ ಕಣವನ್ನು ಸುತ್ತುಗಟ್ಟಿ ಜಾರುವಂತೆ ಮಾಡುವ ಪಾಲಿಮರ್ ಇದರಲ್ಲಿರುತ್ತದೆ, ಮತ್ತೆ ನೀರು ಹೊಯ್ದು ತೊಳೆಯುವ ಅಗತ್ಯವಿಲ್ಲ. ಸಾಮಾನ್ಯವಾಗಿ ಸಿಗುವ ಒಂದು ಬಗೆಯನ್ನು 1ಕ್ಕೆ 256 ಪಾಲು ನೀರಿನಂತೆ ಬೆರೆಸುತ್ತಾರೆ, ಅಂದರೆ 10 ಲೀಟರಿಗೆ ಸುಮಾರು 40 ಮಿಲಿ. ನಿಮ್ಮ ಬಾಟಲಿಯ ಮೇಲಿನ ಅಳತೆ ಬೇರೆಯಿದ್ದರೆ ಅದನ್ನೇ ಪಾಲಿಸಿ. ಅದೇ ದ್ರಾವಣವನ್ನು ಪಂಪಿಗೂ ತುಂಬಿ ಮೊದಲು ಸಿಂಪಡಿಸಿ, ಆಮೇಲೆ ಒಂದು ಜಾಗ ಒರೆಸಿ, ಕೂಡಲೇ ಒಣಗಿಸಿ. ದಿನನಿತ್ಯದ ಧೂಳಿಗೆ ಇದು ಒಳ್ಳೆಯದು. ಗಟ್ಟಿಯಾದ ಕೆಸರಿಗೆ ಆಗದು, ಅದನ್ನು ಮೊದಲು ನೀರಿನಿಂದ ಇಳಿಸಿಯೇ ಮುಂದುವರಿಯಬೇಕು.

ಮಳೆಗಾಲದಲ್ಲಿ ತೊಳೆದು ಏನು ಪ್ರಯೋಜನ ಎಂದು ನಮ್ಮ ಬಿಲ್ಡಿಂಗಿನ ಅನೇಕರು ಜೂನ್‌ನಲ್ಲಿ ಬಿಟ್ಟರೆ ಗಣಪತಿ ಹಬ್ಬದವರೆಗೆ ಬಕೆಟ್ ಮುಟ್ಟುವುದಿಲ್ಲ. ನನಗನಿಸುವುದು ತೊಳೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಳೆಯಲ್ಲಿ ಓಡಿಸಿ ಬಂದ ಗಾಡಿ ಆಗಲೇ ನೆಂದಿರುತ್ತದೆ, ಕೆಸರು ಮೆತ್ತಗಿರುತ್ತದೆ, ಮೊದಲ ಹಂತವನ್ನು ಆಕಾಶವೇ ಮುಗಿಸಿಕೊಟ್ಟಿರುತ್ತದೆ. ಒಣಗುವ ಮೊದಲೇ, ಅರ್ಧ ಗಂಟೆಯೊಳಗೆ ಇಳಿದರೆ 12 ಲೀಟರಿನಲ್ಲಿ ಕೆಲಸ ಪೂರೈಸುತ್ತದೆ. ಮಡ್‌ಗಾರ್ಡಿನ ಒಳಗೆ ಪಂಪಿನ ಮೂತಿ ಮೇಲಕ್ಕೆ ತಿರುಗಿಸಿ ಹೊಡೆಯಿರಿ, ಮುದ್ದೆಮುದ್ದೆ ಕೆಸರು ಬೀಳುತ್ತದೆ. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದ ಸಂದಿಯಲ್ಲಿ ಸಿಕ್ಕ ಎಲೆ, ಗುಲ್‌ಮೊಹರಿನ ಎಸಳು ಆರಿಸಿ ತೆಗೆಯಿರಿ. ಅಲ್ಲಿ ನೀರು ಹೋಗುವ ದಾರಿ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಬಾಗಿಲು ತೆರೆದು ಅದರ ತಳದ ಅಂಚನ್ನು ಬೆರಳಿನಿಂದ ಸವರಿ ನೋಡಿ, ಅಲ್ಲಿ ಸಣ್ಣ ತೂತುಗಳಿವೆ. ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಬರುವುದು ಅಲ್ಲಿಂದಲೇ. ನನ್ನ ಎಡಗಡೆಯ ಹಿಂದಿನ ಬಾಗಿಲಿನದ್ದು ಮುಚ್ಚಿತ್ತು. ಹಲ್ಲುಕಡ್ಡಿ ಹಾಕಿ ತಿರುಗಿಸಿದೆ, ಕಾಫಿ ಬಣ್ಣದ ನೀರು ಅರ್ಧ ಲೋಟ ಇಳಿಯಿತು. ಇನ್ನೊಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಒಳಗಿನಿಂದ ತುಕ್ಕು ತಿಂದಿರುತ್ತಿತ್ತು.

ಕಡಲು ಉಕ್ಕುವ ಭರತದ ದಿನ ಮರೀನ್ ಡ್ರೈವಿನಲ್ಲೋ ವರ್ಲಿ ಸೀಫೇಸಿನಲ್ಲೋ ಅಲೆಯ ನೀರು ಗಾಡಿಗೆ ಹಾರಿದ್ದರೆ ಬೆಳಗಿನವರೆಗೆ ಬಿಡಬೇಡಿ. ರಾತ್ರಿಯೇ ಎರಡು ಪಂಪು ಸಿಹಿನೀರು, ಕೆಳಭಾಗಕ್ಕೂ ಸೇರಿಸಿ ಹೊಡೆದು ಮಲಗಿ.

ದಿನಾ ಬೆಳಿಗ್ಗೆ ಗಾಡಿ ಒರೆಸಲು ಬರುವ ಹುಡುಗರ ಬಗ್ಗೆ ನನಗೆ ಕೋಪವಿಲ್ಲ. ಒಂದೇ ಬಕೆಟ್ಟಿನಲ್ಲಿ ಹದಿನೈದು ಗಾಡಿ ಮುಗಿಸಬೇಕಾದ ಅವರ ಕಷ್ಟ, ಟೇಬಲ್ ಒರೆಸಿದ ನನಗೆ ತಿಳಿಯುತ್ತದೆ. ನಮ್ಮ ಹುಡುಗನಿಗೆ ಎರಡನೆಯ ಬಕೆಟ್ಟನ್ನೂ ನನ್ನ ಗಾಡಿಗೆಂದೇ ಎರಡು ಬಟ್ಟೆಯನ್ನೂ ಕೊಟ್ಟು, ಒಮ್ಮೆ ಜೊತೆಗೆ ನಿಂತು ತೋರಿಸಿಕೊಟ್ಟೆ. ಧೂಳಿದ್ದ ದಿನ ಒಣಗಾಡಿ ಮುಟ್ಟಬೇಡ ಎಂದೂ ಹೇಳಿದ್ದೇನೆ. ಈಗ ಅವನು ಉಳಿದವರ ಗಾಡಿಗೂ ಎರಡು ಬಕೆಟ್ ಇಡುತ್ತಾನೆ.

ತೊಳೆದು ಮುಗಿದ ಮೇಲೆ ಗಾಡಿಯನ್ನು ಹಾಗೇ ನಿಲ್ಲಿಸಬೇಡಿ. ಕಾಂಪೌಂಡಿನೊಳಗೆ ಒಂದು ಸುತ್ತು ಓಡಿಸಿ, ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಡಿಸ್ಕಿನ ಮೇಲಿನ ನೀರು ಒಣಗುತ್ತದೆ. ಇಲ್ಲದಿದ್ದರೆ ಮುಂಬಯಿಯ ತೇವಕ್ಕೆ ಮರುದಿನವೇ ಕೆಂಪು ತುಕ್ಕಿನ ಪೊರೆ ಕಟ್ಟಿ ಕಿರ್ರೆನ್ನುತ್ತದೆ. ಉಳಿದ ಶಾಂಪೂ ನೀರಿನಲ್ಲಿ ಪಾರ್ಕಿಂಗಿನ ನೆಲ ಉಜ್ಜಿ. ಬಟ್ಟೆಗಳನ್ನು ಬೇರೆಯಾಗಿ ತೊಳೆಯಿರಿ, ಮನೆಯ ಟವೆಲ್ಲಿನ ಜೊತೆ ಹಾಕಿದರೆ ಅದರ ನೂಲೆಲ್ಲ ಹತ್ತಿಕೊಳ್ಳುತ್ತದೆ. ಮೆತ್ತಗಾಗಲೆಂದು ಹಾಕುವ ಕಂಫರ್ಟ್‌ನಂಥ ದ್ರವ ಬೇಡ, ಎಳೆಗಳಿಗೆ ಪದರ ಕಟ್ಟಿ ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ನನ್ನ ಆರು ಬಟ್ಟೆಗಳು ಬಾಲ್ಕನಿಯ ಎರಡನೆಯ ತಂತಿಯಲ್ಲಿ ನೆರಳಿಗೆ ಒಣಗುತ್ತವೆ. ಚಕ್ರದ ಬಟ್ಟೆಯ ಮೂಲೆಗೆ ಮಗಳು ಕೆಂಪು ದಾರದ ಗಂಟು ಹೊಲಿದಿದ್ದಾಳೆ, ಉಳಿದವುಗಳಲ್ಲಿ ಅದು ಬೆರೆಯದ ಹಾಗೆ.